ನಿವೃತ್ತರಿಗೆ ಪೂರಕ ಆರೋಗ್ಯ ವಿಮೆ: ಹುಬ್ಬಳ್ಳಿ-ಧಾರವಾಡ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆನ್ಷನ್ ಶುರುವಾದ ಮೇಲೆ ವಿಮೆಯ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಯಾವ ಕಂಪನಿದು ಚಲೋ ಅದ?" ಕಂಪನಿ ಹೆಸರು ಆಮೇಲೆ ನೋಡೋಣ. ನಿಮ್ಮ ಹತ್ತಿರ ಈಗಾಗಲೇ ಏನಿದೆ, ಅದು ಎಲ್ಲಿ ಸಾಲುವುದಿಲ್ಲ ಅನ್ನುವುದು ಮೊದಲು ಗೊತ್ತಾಗಬೇಕು. ಕೊಳ್ಳಬೇಕಾದದ್ದು ಆ ಕೊರತೆ ತುಂಬುವಷ್ಟು ಮಾತ್ರ. ಕೆಳಗಿನ ಉತ್ತರಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

ನನಗೆ ಈಗಾಗಲೇ ಏನಾದರೂ ಸೌಲಭ್ಯ ಇದೆಯಾ? ಹೇಗೆ ತಿಳಿಯುವುದು?

ಎಲ್ಲಿ ನೌಕರಿ ಮಾಡಿದಿರಿ ಅನ್ನುವುದರ ಮೇಲೆ ಇದು ಬದಲಾಗುತ್ತದೆ.

ರೈಲ್ವೆಯಲ್ಲಿದ್ದವರು ಅದೃಷ್ಟವಂತರು. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ. ಊರಲ್ಲೇ ರೈಲ್ವೆಯ ಕೇಂದ್ರ ಆಸ್ಪತ್ರೆ ಇದೆ. ನಿವೃತ್ತರ ಯೋಜನೆಗೆ ಸೇರಿ ಉಮೀದ್ ಎಂಬ ರೈಲ್ವೆ ವೈದ್ಯಕೀಯ ಕಾರ್ಡ್ ಮಾಡಿಸಿಕೊಂಡಿದ್ದರೆ ಗಂಡ-ಹೆಂಡತಿ ಇಬ್ಬರಿಗೂ ನಡೆಯುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕೆಂದರೆ ಸಾಮಾನ್ಯವಾಗಿ ಅಲ್ಲಿಂದ ರೆಫರಲ್ ಚೀಟಿ ಬೇಕು. ತೊಡಕು ಬರುವುದು ನೀವು ಆರು ತಿಂಗಳು ಮಗಳ ಮನೆಗೆ ಬೇರೆ ಊರಿಗೆ ಹೋದಾಗ.

ಬ್ಯಾಂಕಿನಿಂದ ನಿವೃತ್ತರಾದವರಿಗೆ ಬ್ಯಾಂಕುಗಳ ಸಂಘದ ಗುಂಪು ಪಾಲಿಸಿ ಇರುತ್ತದೆ. ಅದರ ವರ್ಷ ನವೆಂಬರ್ 1ಕ್ಕೆ ಶುರು. ಮೂಲ ಪಾಲಿಸಿ ಬೇರೆ, ಅದು ಸಾಲದಾದಾಗ ಮೇಲಿನ ಖರ್ಚು ಕೊಡುವ ಸೂಪರ್ ಟಾಪ್ ಅಪ್ ಬೇರೆ (ವಿವರ ಕೆಳಗಿದೆ). ಅಕ್ಟೋಬರ್‌ನಲ್ಲಿ ಬ್ಯಾಂಕ್ ಕೇಳುವ ಆಯ್ಕೆಗಳನ್ನು ನೋಡದೆ ಸುಮ್ನೆ ಸಹಿ ಮಾಡಬೇಡಿ.

ಕೇಂದ್ರ ಸರ್ಕಾರದ ಪೆನ್ಷನ್‌ದಾರರು ಸಿಜಿಎಚ್‌ಎಸ್ ಎಂಬ ಕೇಂದ್ರದ ಆರೋಗ್ಯ ಯೋಜನೆಯ ವ್ಯಾಪ್ತಿಯ ಹೊರಗಿದ್ದು, ಅದರ ಹೊರರೋಗಿ ಸೌಲಭ್ಯ ಬೇಡವೆಂದರೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಸಿಗುತ್ತದೆ. ಅದು ಗುಳಿಗೆಗೆ ಸಾಕು, ಆಪರೇಷನ್ನಿಗೆ ಸಾಲದು. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ.

ರಾಜ್ಯ ಸರ್ಕಾರ, ಸಾರಿಗೆ ಸಂಸ್ಥೆ, ಹೆಸ್ಕಾಂ, ವಿಶ್ವವಿದ್ಯಾಲಯ, ಅನುದಾನಿತ ಶಾಲೆ: ನೌಕರಿಯಲ್ಲಿದ್ದಾಗ ಸಿಕ್ಕ ಸೌಲಭ್ಯ ಪೆನ್ಷನ್ ಬಂದ ಮೇಲೂ ಇರುತ್ತದೆ ಎಂದು ಅಂದುಕೊಳ್ಳಬೇಡಿ. ನಿವೃತ್ತಿಗೆ ಮೊದಲೇ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. "ಇರ್ತದ್ರೀ ಸರ" ಅಂದವರು ಕ್ಲೇಮ್ ಹೊತ್ತಿಗೆ ವರ್ಗವಾಗಿ ಹೋಗಿರುತ್ತಾರೆ.

70 ದಾಟಿದವರಿಗೆ ಸರ್ಕಾರವೇ 5 ಲಕ್ಷ ಕೊಡುತ್ತದಂತಲ್ಲ. ಮತ್ತೆ ವಿಮೆ ಯಾಕೆ?

ಆಯುಷ್ಮಾನ್ ಭಾರತ್ ಯೋಜನೆಯನ್ನು 70 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ ಎಲ್ಲರಿಗೂ ವಿಸ್ತರಿಸಿದ್ದು 2024ರ ಅಕ್ಟೋಬರ್ 29ರಂದು. ಆದಾಯದ ಮಿತಿ ಇಲ್ಲ. ವಯಸ್ಸು ಆಧಾರ್ ಪ್ರಕಾರ. ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನಾ. ಖಾಸಗಿ ವಿಮೆ ಇದ್ದವರೂ ಇದಕ್ಕೆ ಅರ್ಹರು. ಸಿಜಿಎಚ್‌ಎಸ್, ಇಸಿಎಚ್‌ಎಸ್‌ನಂಥ ಸರ್ಕಾರಿ ಯೋಜನೆಯಲ್ಲಿ ಇರುವವರು ಮಾತ್ರ ಅದು ಬೇಕೋ ಇದು ಬೇಕೋ ಎಂದು ಆರಿಸಿಕೊಳ್ಳಬೇಕು.

ಮೂರು ಮಾತು ನೆನಪಿಡಿ. ಒಂದು, 5 ಲಕ್ಷ ಒಬ್ಬೊಬ್ಬರಿಗೆ ಅಲ್ಲ, ಮನೆಯ ಎಲ್ಲ ಹಿರಿಯರಿಗೂ ಸೇರಿ. ಎರಡು, ಯಜಮಾನರಿಗೆ 72, ಮನೆಯವರಿಗೆ 66 ಇದ್ದರೆ ಯಜಮಾನರಿಗೆ ಮಾತ್ರ. ಮೂರು, ಘೋಷಣೆ ದಿಲ್ಲಿಯದಾದರೂ ಜಾರಿ ಮಾಡುವುದು ರಾಜ್ಯದ ವ್ಯವಸ್ಥೆ. ಆದ್ದರಿಂದ ನೀವು ಹೋಗುವ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೇ ಹೋಗಿ, ಈ ಕಾರ್ಡ್ ಇಲ್ಲಿ, ಈ ಚಿಕಿತ್ಸೆಗೆ ನಡೆಯುತ್ತದೆಯೇ ಎಂದು ಕೇಳಿ. ಕಾರ್ಡ್ ಮಾಡಿಸಿ ಕಪಾಟಿನಲ್ಲಿ ಇಟ್ಟವರು ಬಹಳ ಮಂದಿ ಇದ್ದಾರೆ, ಹೀಗೆ ಕೇಳಿದವರು ಕಡಿಮೆ.

70 ಆಗದವರಿಗೆ ಕರ್ನಾಟಕದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್‌ಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ರೆಫರಲ್. ಪೆನ್ಷನ್‌ದಾರರ ಹತ್ತಿರ ಬಿಪಿಎಲ್ ಕಾರ್ಡ್ ಇರುವುದು ಅಪರೂಪ. ಹಾಗಾಗಿ ಈ ಶೇ. 30ರ ಲೆಕ್ಕವೇ ನಿಮ್ಮದು ಎಂದು ತಿಳಿಯಿರಿ.

ಯಶಸ್ವಿನಿ ಸಾಕಾಗುತ್ತದೆಯೇ?

ಸಹಕಾರ ಸಂಘದ ಸದಸ್ಯರಾಗಿದ್ದರೆ ಮಾಡಿಸಿ, ಬಿಡಬೇಡಿ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಶುರುವಾದ ಯೋಜನೆ ಇದು. ಮತ್ತೆ ಶುರುವಾದಾಗ ನಿಗದಿಯಾದ ವಂತಿಗೆ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500, ಪೇಟೆಯವರಿಗೆ 1,000 ರೂಪಾಯಿ. ಅಷ್ಟು ರೊಕ್ಕಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇನ್ನೆಲ್ಲಿ ಸಿಕ್ಕೀತು? ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಸದಸ್ಯತ್ವಕ್ಕೆ ಷರತ್ತುಗಳೂ ಇವೆ, ಸಂಘದ ಕಾರ್ಯದರ್ಶಿಯನ್ನು ಕೇಳಿ. ಇದನ್ನೊಂದೇ ನಂಬಿ ಕೂರುವುದು ಬೇಡ.

ಟಾಪ್ ಅಪ್, ಸೂಪರ್ ಟಾಪ್ ಅಪ್ ಅಂತಾರೆ. ಎರಡೂ ಒಂದೇ ಅಲ್ವಾ?

ಅಲ್ಲ. ಇಲ್ಲೇ ಜಾಸ್ತಿ ಮಂದಿ ಎಡವುವುದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಎರಡರಲ್ಲೂ ಡಿಡಕ್ಟಿಬಲ್ ಎಂಬ ಒಂದು ಗೆರೆ ಇರುತ್ತದೆ. 5 ಲಕ್ಷ ಎಂದಿಟ್ಟುಕೊಳ್ಳಿ. ಮೊದಲ 5 ಲಕ್ಷ ನಿಮ್ಮದು. ಅದನ್ನು ಮೂಲ ಪಾಲಿಸಿ ಕೊಡಲಿ, ಮಗ ಕೊಡಲಿ, ನೀವೇ ಕೊಡಿ. ಗೆರೆ ದಾಟಿದ ಮೇಲಿನದು ಕಂಪನಿಯದು.

ಈಗ ಜೂನ್‌ನಲ್ಲಿ ಹೃದಯದ ತೊಂದರೆಗೆ 3.5 ಲಕ್ಷ ಬಿಲ್ ಆಯಿತು. ಡಿಸೆಂಬರ್‌ನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್, 4 ಲಕ್ಷ. ಟಾಪ್ ಅಪ್ ಪ್ರತಿ ಸಲದ ಬಿಲ್ಲನ್ನು ಬೇರೆ ಬೇರೆ ನೋಡುತ್ತದೆ. ಎರಡೂ 5 ಲಕ್ಷದ ಒಳಗೇ ಇವೆ, ಹಾಗಾಗಿ ಒಂದು ಪೈಸೆ ಬರುವುದಿಲ್ಲ. ಸೂಪರ್ ಟಾಪ್ ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. 7.5 ಲಕ್ಷದಲ್ಲಿ 5 ಕಳೆದರೆ 2.5 ಲಕ್ಷ ಅದು ಕೊಡುತ್ತದೆ. ಕೈಯಲ್ಲಿ 5 ಲಕ್ಷದ ಮೂಲ ಪಾಲಿಸಿಯೂ ಇದ್ದರೆ ಅಲ್ಲಿಗೆ ನಿಮ್ಮ ಜೇಬಿಗೆ ಹೆಚ್ಚೇನೂ ಬೀಳುವುದಿಲ್ಲ. ಎರಡೂ ಪಾಲಿಸಿ ಒಪ್ಪುವ ಖರ್ಚಿಗೆ ಮಾತ್ರ ಈ ಲೆಕ್ಕ.

ವಯಸ್ಸಾದ ಮೇಲೆ ಒಂದೇ ಸಲ ದೊಡ್ಡ ಬಿಲ್ ಬರುವುದಕ್ಕಿಂತ ವರ್ಷದಲ್ಲಿ ಎರಡು ಮೂರು ಸಲ ಮಲಗುವುದೇ ಹೆಚ್ಚು. ಆದ್ದರಿಂದ ನಿವೃತ್ತರು ಬರೀ ಟಾಪ್ ಅಪ್ ಕೊಳ್ಳಲೇಬಾರದು ಎಂಬುದು ನಮ್ಮ ಅಭಿಪ್ರಾಯ. ಪಾಲಿಸಿಯ ಹೆಸರು ಏನೇ ಇರಲಿ, ಒಳಗೆ ಡಿಡಕ್ಟಿಬಲ್ ಲೆಕ್ಕ "ಪಾಲಿಸಿ ವರ್ಷದ ಒಟ್ಟು ಖರ್ಚಿನ ಮೇಲೆ" ಎಂದು ಇದೆಯೇ ನೋಡಿ.

ಮೂಲ ಪಾಲಿಸಿ ಇಲ್ಲದೆ ಬರೀ ಸೂಪರ್ ಟಾಪ್ ಅಪ್ ತಗೋಬಹುದಾ?

ತಗೋಬಹುದು. ಡಿಡಕ್ಟಿಬಲ್‌ನಷ್ಟು ರೊಕ್ಕ ಎಫ್‌ಡಿಯಲ್ಲಿ ಬೇರೆ ಇಟ್ಟು, ಅದನ್ನು ಮುಟ್ಟುವುದಿಲ್ಲ ಎಂಬ ಗಟ್ಟಿ ಮನಸ್ಸು ಇದ್ದರೆ ಇದು ಶಾಣ್ಯಾತನದ ದಾರಿಯೇ. ಮೂಲ ಪಾಲಿಸಿಗಿಂತ ಪ್ರೀಮಿಯಂ ಬಹಳ ಕಡಿಮೆ. ಆದರೆ ಮೊಮ್ಮಗಳ ಮದುವೆಗೆ ಅದೇ ಎಫ್‌ಡಿ ಮುರಿಯುವ ಮನೆಯಾದರೆ ಬೇಡ.

ಇನ್ನೊಂದು ಮಾತು. ಸರ್ಕಾರಿ ಯೋಜನೆಯ ಪ್ಯಾಕೇಜ್ ದರವನ್ನು ಡಿಡಕ್ಟಿಬಲ್‌ಗೆ ಹೊಂದಿಸಿ, ಮೇಲಿನದನ್ನು ಸೂಪರ್ ಟಾಪ್ ಅಪ್ ಕೊಡುತ್ತದೆ ಎಂದು ಲೆಕ್ಕ ಹಾಕಬೇಡಿ. ಪ್ಯಾಕೇಜಿನಲ್ಲಿ ಆದ ಚಿಕಿತ್ಸೆಗೆ ನಿಮ್ಮ ಹೆಸರಲ್ಲಿ ಸಾಮಾನ್ಯ ಬಿಲ್ಲೇ ಇರುವುದಿಲ್ಲ.

ರೂಮ್ ಬಾಡಿಗೆ ಮಿತಿ ಇದ್ದರೆ ಏನಾಯಿತು? ಜಾಸ್ತಿಯಾದ ಬಾಡಿಗೆ ನಾವೇ ಕೊಟ್ಟರಾಯಿತು.

ಹಾಗೆ ಅಂದುಕೊಂಡೇ ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನ ಮುಂದೆ ಜಗಳ ಆಗುವುದು. ಒಂದು ಬಿಲ್ ಬಿಡಿಸಿ ನೋಡೋಣ.

3 ಲಕ್ಷದ ಪಾಲಿಸಿ. ರೂಮ್ ಬಾಡಿಗೆಯ ಮಿತಿ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 3,000. ನೀವು ಹಿಡಿದದ್ದು 6,000ದ ರೂಮ್, ನಾಲ್ಕು ದಿನ. ಬಾಡಿಗೆ 24,000. ಡಾಕ್ಟರ್, ಆಪರೇಷನ್ ಕೋಣೆ, ನರ್ಸಿಂಗ್ ಎಲ್ಲ ಸೇರಿ 80,000. ಔಷಧಿ, ಪರೀಕ್ಷೆ, ಒಳಗೆ ಹಾಕಿದ ಇಂಪ್ಲಾಂಟ್ 60,000. ಒಟ್ಟು 1,64,000.

ರೂಮ್ ಮಿತಿಯ ಎರಡು ಪಟ್ಟು ಇದ್ದದ್ದರಿಂದ ಬಾಡಿಗೆ ಅರ್ಧ ಸಿಗುತ್ತದೆ, 12,000. ಡಾಕ್ಟರ್, ಆಪರೇಷನ್ ಲೆಕ್ಕವೂ ಅದೇ ಪ್ರಮಾಣದಲ್ಲಿ ಅರ್ಧ, 40,000. ಔಷಧಿ, ಪರೀಕ್ಷೆ, ಇಂಪ್ಲಾಂಟ್‌ಗೆ ಈ ಕಡಿತ ಹಾಕುವಂತಿಲ್ಲ, ಹಾಗಾಗಿ 60,000 ಪೂರ್ತಿ. ಕಂಪನಿಯಿಂದ 1,12,000. ಪಾಲಿಸಿಯಲ್ಲಿ ಶೇ. 20 ಕೋ-ಪೇ (ಕ್ಲೇಮಿನಲ್ಲಿ ನೀವೇ ಕೊಡಬೇಕಾದ ಪಾಲು) ಇದ್ದರೆ ಇದರಲ್ಲೂ 22,400 ಹೋಗಿ 89,600 ಉಳಿಯಿತು. ನಿಮ್ಮ ಜೇಬಿನಿಂದ 74,400. ನೀವು ಅಂದುಕೊಂಡಿದ್ದು ಬಾಡಿಗೆಯ ವ್ಯತ್ಯಾಸ 12,000 ಅಷ್ಟೇ.

ಆದ್ದರಿಂದ "ಸಿಂಗಲ್ ಪ್ರೈವೇಟ್ ರೂಮ್" ಅಥವಾ "ಮಿತಿ ಇಲ್ಲ" ಎಂದಿರುವ ಪಾಲಿಸಿ ನೋಡಿ. ಮಿತಿ ಇರುವ ಪಾಲಿಸಿಯೇ ಇದ್ದರೆ ಆ ಮೊತ್ತವನ್ನು ಕಾರ್ಡಿನ ಹಿಂದೆ ಬರೆದಿಡಿ. ಅಡ್ಮಿಟ್ ಮಾಡುವ ಗಡಿಬಿಡಿಯಲ್ಲಿ ರೂಮ್ ಆರಿಸುವವರು ನೀವಲ್ಲ, ಮಕ್ಕಳು.

ಬಿ.ಪಿ., ಶುಗರ್ ಇದೆ. ಹೇಳಿದರೆ ಪಾಲಿಸಿ ಕೊಡುವುದಿಲ್ಲವಂತೆ. ಹೇಳದೆ ಇರಲಾ?

ಹೇಳಿ. ಎಲ್ಲವನ್ನೂ ಹೇಳಿ. ಹಳೆಯ ಆಪರೇಷನ್, ದಿನಾ ನುಂಗುವ ಗುಳಿಗೆ, ಯಾವ ವರ್ಷದಿಂದ ಎಂಬುದು ಕೂಡ. ಏಜೆಂಟರು "ಅದೆಲ್ಲ ಬರೀಬ್ಯಾಡ್ರಿ" ಅಂದರೆ ಬೇರೆ ಏಜೆಂಟರನ್ನು ನೋಡಿ.

2024ರ ನಿಯಮದ ಪ್ರಕಾರ ಮೊದಲಿನಿಂದ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು. ಹಿಂದೆ 48 ಇತ್ತು. ಜಾಸ್ತಿ ಪ್ರೀಮಿಯಂ ಕೊಟ್ಟರೆ ಈ ಅವಧಿ ಕಡಿಮೆ ಮಾಡುವ ಪಾಲಿಸಿಗಳೂ ಇವೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ಮೋಸ ಸಾಬೀತಾದರೆ ಹೊರತು, "ನೀವು ಹೇಳಿರಲಿಲ್ಲ" ಎಂದು ಕ್ಲೇಮ್ ತಳ್ಳುವಂತಿಲ್ಲ.

ಹೇಳದವರು ಸಿಕ್ಕಿಬೀಳುವುದು ಹೇಗೆ ಗೊತ್ತಾ? ರಾತ್ರಿ ಹನ್ನೊಂದಕ್ಕೆ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ "ಶುಗರ್ ಎಷ್ಟು ವರ್ಷದಿಂದ?" ಎಂದು ಕೇಳುತ್ತಾರೆ. ಸೊಸೆ "ಹತ್ತು ವರ್ಷ ಆಗಿರಬೇಕ್ರಿ" ಅನ್ನುತ್ತಾಳೆ. ಅದು ಕೇಸ್ ಶೀಟಿಗೆ ಹೋಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮರಿಗೆ. ಫಾರಂನಲ್ಲಿ ಶುಗರ್ ಇಲ್ಲ ಎಂದಿರುತ್ತದೆ. ಮುಂದಿನದು ಊಹಿಸಬಹುದು. ಫಾರಂನಲ್ಲಿ ನಿಜ ಬರೆದವರೂ ಮನೆಯವರಿಗೆ ಸರಿಯಾದ ವರ್ಷ ಹೇಳಿಡಿ. ಅಂದಾಜಿನ ಮಾತೇ ಅಲ್ಲಿ ದಾಖಲೆಯಾಗುತ್ತದೆ.

ಮೋತಿಬಿಂದು, ಮೊಣಕಾಲು ಆಪರೇಷನ್ ಕೂಡಲೇ ಆಗುತ್ತದೆಯೇ?

ಇಲ್ಲ. ಮೋತಿಬಿಂದು, ಹರ್ನಿಯಾ, ಪ್ರೊಸ್ಟೇಟ್, ಮೂಲವ್ಯಾಧಿ, ಕೀಲು ಬದಲಾವಣೆ: ಇವಕ್ಕೆ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು. ಮೋತಿಬಿಂದುವಿಗೆ ಮೊತ್ತದ ಮಿತಿಯೂ ಇರಬಹುದು. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಎಂಬ ಏಕರೂಪದ ಪಾಲಿಸಿ ಬಂದಾಗ ಅದರಲ್ಲಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು ಎಂದಿತ್ತು.

ನನಗೆ 68. ಈ ವಯಸ್ಸಿಗೆ ಯಾರು ಕೊಡುತ್ತಾರೆ?

2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಲ್ಲಿ 65ರ ಗೆರೆ ಹೋಗಿದೆ. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕು ಎಂದು ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಹೇಳಿದೆ. ಹಾಗೆಂದು ಪ್ರತಿಯೊಬ್ಬರಿಗೂ ಕೊಡಲೇಬೇಕು ಎಂದಲ್ಲ. ಪರೀಕ್ಷೆ ಮಾಡಿಸಿ, ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಹಾಕಿ ಕೊಡಬಹುದು, ಬೇಡ ಎನ್ನಲೂಬಹುದು. ಒಬ್ಬರು ಬೇಡ ಅಂದರೆ ಇನ್ನೊಬ್ಬರನ್ನು ಕೇಳಿ. ಆದರೆ ಮುಂದಿನ ಫಾರಂನಲ್ಲಿ "ಹಿಂದೆ ನಿರಾಕರಿಸಿದ್ದಾರೆಯೇ" ಎಂದು ಕೇಳಿದ್ದರೆ ಹೌದು ಎಂದೇ ಬರೆಯಿರಿ.

ಪ್ರೀಮಿಯಂ ವರ್ಷಾ ವರ್ಷಾ ಏರುತ್ತದಲ್ಲ?

ಏರುತ್ತದೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು ಎಂಬ ಆದೇಶ 2025ರ ಜನವರಿಯಲ್ಲಿ ಬಂತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ, ಮೊದಲು ಶೇ. 18 ಇತ್ತು. ಗಂಡ-ಹೆಂಡತಿ ಸೇರಿ ಮಾಡಿಸುವ, ಒಂದೇ ಮೊತ್ತ ಹಂಚಿಕೊಳ್ಳುವ ಫ್ಲೋಟರ್ ಪಾಲಿಸಿಗೂ ಇದು ಅನ್ವಯ.

ತೆರಿಗೆಯ ಮಾತಿಗೆ ಬಂದರೆ, ಎಲ್ಲರೂ 80ಡಿ ಎಂದು ಕರೆಯುವ ವಿನಾಯಿತಿ ಹಿರಿಯ ನಾಗರಿಕರಿಗೆ 50,000 ರೂಪಾಯಿ ತನಕ. ಮಗ ತುಂಬಿದರೆ ಮಗನಿಗೆ ಸಿಗುತ್ತದೆ. ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ. ರೊಕ್ಕ ನಗದಾಗಿ ಕೊಟ್ಟರೆ ಸಿಗುವುದಿಲ್ಲ.

ಮಗ ಬೆಂಗಳೂರಿನಲ್ಲಿ ಕಂಪನಿಯಲ್ಲಿದ್ದಾನೆ. ಅವನ ಆಫೀಸ್ ಪಾಲಿಸಿಯಲ್ಲಿ ನಮ್ಮ ಹೆಸರು ಇದೆ. ಸಾಕಲ್ವಾ?

ಧಾರವಾಡದಲ್ಲಿ ಈಗ ಪ್ರತಿ ಓಣಿಯಲ್ಲೂ ಇರುವ ಪ್ರಶ್ನೆ ಇದು. ಆಫೀಸ್ ಪಾಲಿಸಿ ಚಲೋನೇ. ಹಳೆಯ ಕಾಯಿಲೆಗೆ ಕಾಯುವ ಅವಧಿ ಬಹಳ ಕಡೆ ಇರುವುದಿಲ್ಲ. ಆದರೆ ಅದು ಮಗನ ನೌಕರಿಗೆ ಕಟ್ಟಿದ್ದು. ಅವನು ಕೆಲಸ ಬಿಟ್ಟ ದಿನ ನಿಮ್ಮ ವಿಮೆಯೂ ಹೋಯಿತು. ಅಥವಾ ಕಂಪನಿಯೇ ಮುಂದಿನ ವರ್ಷ ಪೋಷಕರನ್ನು ಕೈಬಿಡಬಹುದು. ಆಗ ನಿಮಗೆ 70, ಹೊಸ ಪಾಲಿಸಿಯ 36 ತಿಂಗಳು ಅಲ್ಲಿಂದ ಎಣಿಕೆ.

ನಾವು ಹೇಳುವುದು ಇಷ್ಟು. ಆಫೀಸ್ ಪಾಲಿಸಿಯನ್ನು ಮೂಲ ಎಂದು ಇಟ್ಟುಕೊಳ್ಳಿ. ಅದರ ಮೊತ್ತಕ್ಕೆ ಸರಿಯಾದ ಡಿಡಕ್ಟಿಬಲ್ ಹಾಕಿ ನಿಮ್ಮದೇ ಹೆಸರಲ್ಲಿ ಸೂಪರ್ ಟಾಪ್ ಅಪ್ ಈಗಲೇ ಕೊಳ್ಳಿ. ಕಾಯುವ ಅವಧಿ ಸದ್ದಿಲ್ಲದೆ ಕಳೆಯುತ್ತಿರುತ್ತದೆ. ಮುಂದೆ ಡಿಡಕ್ಟಿಬಲ್ ಕಡಿಮೆ ಮಾಡಿಕೊಳ್ಳಲು ಅವಕಾಶ ಕೊಡುವ ಪಾಲಿಸಿ ಸಿಕ್ಕರೆ ಇನ್ನೂ ಒಳ್ಳೆಯದು.

ಮಗನ ಸ್ವಂತ ಫ್ಲೋಟರಿನಲ್ಲಿ ಮಾತ್ರ ಸೇರಬೇಡಿ. ಅಲ್ಲಿ ಪ್ರೀಮಿಯಂ ನಿಂತಿರುವುದು ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ. ನಿಮ್ಮ ಒಂದು ಆಪರೇಷನ್ನಿಗೆ ಮೊಮ್ಮಕ್ಕಳ ಪಾಲಿನ ಮೊತ್ತವೂ ಖಾಲಿ.

ನೀವೇ ಇನ್ನೂ ನೌಕರಿಯಲ್ಲಿದ್ದು ಗುಂಪು ಪಾಲಿಸಿ ಇದ್ದರೆ, ನಿವೃತ್ತಿಗೆ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಕೇಳಿ. ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತದೆ. ನಿವೃತ್ತಿ ಸಮಾರಂಭ, ಶಾಲು, ಫೋಟೊ ಎಲ್ಲ ಮುಗಿದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಯಾವ ಆಸ್ಪತ್ರೆಗಳು ಬರುತ್ತವೆ? ಗದಗ, ಹಾವೇರಿಯವರು ಏನು ಮಾಡಬೇಕು?

ಕಂಪನಿಯ ಪಟ್ಟಿಯಲ್ಲಿ ದೇಶದ ಸಾವಿರಾರು ಆಸ್ಪತ್ರೆ ಇದ್ದರೆ ನಿಮಗೇನು ಫಾಯಿದೆ? ಒಂದು ಹಾಳೆ ತೆಗೆದುಕೊಂಡು ನೀವು ನಿಜವಾಗಿ ಹೋಗುವ ಮೂರು ಆಸ್ಪತ್ರೆ ಬರೆಯಿರಿ: ಮನೆ ಹತ್ತಿರದ್ದು, ಹೃದಯಕ್ಕೆ ಹೋಗುವುದು, ಕಣ್ಣಿಗೆ ಹೋಗುವುದು. ಗದಗ, ಹಾವೇರಿ, ರಾಣೆಬೆನ್ನೂರಿನವರು ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೋ ಸತ್ತೂರಿಗೋ ದಾವಣಗೆರೆಗೋ ಹೋಗುವವರು, ಅವನ್ನೂ ಸೇರಿಸಿ. ಆಮೇಲೆ ಆಯಾ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೇ ಹೋಗಿ, ಈ ಕಂಪನಿಯ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕೊಡುವುದು) ಈಗ ನಡೆಯುತ್ತಿದೆಯೇ ಎಂದು ಕೇಳಿ. ಜಾಲತಾಣದ ಪಟ್ಟಿಯಲ್ಲಿ ಹೆಸರು ಇದ್ದು, ಅಲ್ಲಿ ನಿಲ್ಲಿಸಿರುವುದು ಆಗಾಗ ಆಗುತ್ತದೆ. ಡೆಸ್ಕಿನ ಹುಡುಗರಿಗೆ ಯಾವ ಕಂಪನಿ ಬೇಗ ಒಪ್ಪಿಗೆ ಕೊಡುತ್ತದೆ, ಯಾವುದು ಸತಾಯಿಸುತ್ತದೆ ಎಂಬುದೂ ಚೆನ್ನಾಗಿ ಗೊತ್ತು.

ಎಲ್ಲರೂ ಇನ್ನೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಕೆಎಂಸಿ-ಆರ್‌ಐ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಗಳನ್ನು ಲೆಕ್ಕದಿಂದ ಬಿಡಬೇಡಿ. ಅಪಘಾತ, ತುರ್ತು ಹೊತ್ತಿನಲ್ಲಿ ಮೊದಲು ಮುಟ್ಟುವುದು ಅಲ್ಲಿಗೇ.

ಕೆಲವು ಪಾಲಿಸಿಗಳಲ್ಲಿ ಊರಿನ ವಲಯದ ಪ್ರಕಾರ ಪ್ರೀಮಿಯಂ. ನಮ್ಮ ಕಡೆ ಕಡಿಮೆ. ಆದರೆ ಚಿಕಿತ್ಸೆ ದೊಡ್ಡ ಶಹರದಲ್ಲಿ ಆದರೆ ಹೆಚ್ಚುವರಿ ಕೋ-ಪೇ ಹಾಕುತ್ತಾರೆ. ಕೊನೆಗೆ ಮಕ್ಕಳು ಬೆಂಗಳೂರಿಗೇ ಕರೆದುಕೊಂಡು ಹೋಗುವುದು ಎಂದಾದರೆ ಅಲ್ಲಿನ ವಲಯದ ಪ್ರೀಮಿಯಂ ತುಂಬುವುದು ಮೇಲು.

ದಿನಕ್ಕೆ ಇಷ್ಟು ಎಂದು ಕೊಡುವ ಹಾಸ್ಪಿಟಲ್ ಕ್ಯಾಶ್, ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇಕಾ?

ಮೊದಲನೆಯದು ಬೇಡ. ದಿನಕ್ಕೆ ಸಾವಿರ, ಎರಡು ಸಾವಿರ ಬಂದರೆ ಊಟ, ಆಟೋ ಖರ್ಚಿಗೆ ಆದೀತು. ಬ್ಯಾಂಕಿಗೆ ಎಫ್‌ಡಿ ಮಾಡಲು ಹೋದವರಿಗೆ ಇದನ್ನೇ ಜೊತೆಗೆ ಅಂಟಿಸುತ್ತಾರೆ, ಹುಷಾರು. ಎರಡನೆಯದು ಪಟ್ಟಿಯಲ್ಲಿನ ಕಾಯಿಲೆ ಬಂದರೆ ಒಮ್ಮೆಗೇ ಮೊತ್ತ ಕೊಡುತ್ತದೆ. ದುಡಿಯುವ ವಯಸ್ಸಿನವರಿಗೆ ಸರಿ. 60ರ ಮೇಲೆ ದುಬಾರಿ, ಸಿಗುವುದೂ ಕಷ್ಟ. ಅದೇ ರೊಕ್ಕಕ್ಕೆ ಸೂಪರ್ ಟಾಪ್ ಅಪ್ ಮೊತ್ತ ಹೆಚ್ಚಿಸಿಕೊಳ್ಳಿ.

ಪಾಲಿಸಿ ಕಾಗದ ಎಲ್ಲ ಇಂಗ್ಲಿಷಿನಲ್ಲಿದೆ. ಓದುವುದು ಹೇಗೆ?

ಪಾಲಿಸಿಯ ಮುಖ್ಯ ಅಂಶಗಳನ್ನು ಸರಳವಾಗಿ ಬರೆದ ಮಾಹಿತಿ ಹಾಳೆಯನ್ನು ಕಂಪನಿ ಕೊಡಲೇಬೇಕು. ಸಿಐಎಸ್ ಎನ್ನುತ್ತಾರೆ. ನೀವು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಎಂಬುದು 2024ರ ಜನವರಿ 1ರಿಂದ ನಿಯಮ. ಕನ್ನಡದ್ದು ಬೇಕು ಎಂದು ಇಮೇಲ್ ಮಾಡಿ. ಕಾಯುವ ಅವಧಿ, ಕೋ-ಪೇ, ರೂಮ್ ಮಿತಿ, ಯಾವುದಕ್ಕೆ ಇಲ್ಲ ಎನ್ನುವುದೆಲ್ಲ ಅದರಲ್ಲೇ ಇರುತ್ತದೆ. ಮೆಚ್ಚದಿದ್ದರೆ ಪಾಲಿಸಿ ಕೈ ಸೇರಿದ 30 ದಿನದ ಒಳಗೆ ವಾಪಸ್ ಮಾಡಬಹುದು.

ಈಗಿರುವ ಪಾಲಿಸಿ ಬದಲಾಯಿಸಬಹುದಾ?

ಬದಲಾಯಿಸಬಹುದು. ರಿನೀವಲ್‌ಗೆ 45 ದಿನ ಮೊದಲೇ ಪೋರ್ಟ್ ಅರ್ಜಿ (ಬೇರೆ ಕಂಪನಿಗೆ ಬದಲಾಯಿಸುವ ಅರ್ಜಿ) ಕೊಡಿ. ಹಳೆಯದನ್ನು ಹೊಸ ಕಂಪನಿ ಒಪ್ಪುವ ತನಕ ಬಿಡಬೇಡಿ. ಮೊತ್ತ ಹೆಚ್ಚಿಸಿಕೊಂಡರೆ ಹೆಚ್ಚಿಸಿದ ಭಾಗಕ್ಕೆ ಮಾತ್ರ ಕಾಯುವ ಅವಧಿ ಹೊಸದಾಗಿ ಶುರು.

ಕ್ಯಾಶ್‌ಲೆಸ್ ತಡ ಮಾಡಿದರೆ, ಕ್ಲೇಮ್ ತಳ್ಳಿದರೆ ಎಲ್ಲಿಗೆ ಹೋಗುವುದು?

ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ ಉತ್ತರ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯಲ್ಲಿ ಅಂತಿಮ ಒಪ್ಪಿಗೆ. ಇದು 2024ರ ನಿಯಮ. ಕಂಪನಿ ತಡ ಮಾಡಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದು ಕಂಪನಿಯ ಲೆಕ್ಕಕ್ಕೆ. ಕೋರಿಕೆ ಹೋದ ಸಮಯ ಬರೆದಿಟ್ಟುಕೊಳ್ಳಿ.

ಕ್ಲೇಮ್ ತಳ್ಳಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಹೋಗಬೇಕು. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದ ಒಳಗೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ದೂರು ಆನ್‌ಲೈನಿನಲ್ಲೂ ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿ ತನಕ ಪರಿಹಾರಕ್ಕೆ ಆದೇಶ ಕೊಡುವ ಅಧಿಕಾರ ಅವರಿಗಿದೆ. ಪ್ರಪೋಸಲ್ ಫಾರಂನ ಪ್ರತಿ, ಡಿಸ್ಚಾರ್ಜ್ ಸಮರಿ, ತಿರಸ್ಕಾರದ ಪತ್ರ, ನೀವು ಕಳಿಸಿದ ಇಮೇಲ್‌ಗಳು: ಈ ನಾಲ್ಕು ಜೊತೆಗಿರಲಿ.